ದೊಡ್ಡಾಟದ ರೆಕಾರ್ಡಿಂಗಿಗೆ ಡ್ರೈವ್ ಆರಿಸಿದ್ದು

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ವಿಡಿಯೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ಶಾಲೆ ಗ್ಯಾದರಿಂಗ್, ಇವೇ ವರ್ಷವಿಡೀ ಕೆಲಸ. ಇವಕ್ಕೆಲ್ಲ ಕ್ಯಾಮೆರಾದ ಮೆಮೊರಿ ಕಾರ್ಡೇ ಸಾಕು. ಕಾರ್ಡ್ ತುಂಬಿದರೆ ಬದಲಿಸಲು ಎಲ್ಲಾದರೂ ಒಂದು ಬಿಡುವು ಸಿಗುತ್ತದೆ. ನಮ್ಮ ಕಡೆಯ ಬಯಲಾಟವಾದ ದೊಡ್ಡಾಟ ಹಾಗಲ್ಲ. ರಾತ್ರಿ ಹತ್ತರ ಸುಮಾರಿಗೆ ಗಣಪತಿ ಸ್ತುತಿ ಶುರುವಾದರೆ ಬೆಳಕು ಹರಿಯುವವರೆಗೆ ಆಟ. ಆಟ ನಡೆಸುವ ಸಾರಥಿ ಮಾತಾಡಿಸುತ್ತಾನೆ, ಪಾತ್ರ ತನ್ನ ಪರಿಚಯ ಹೇಳಿಕೊಳ್ಳುತ್ತದೆ, ಹಾಡು, ಕುಣಿತ, ಮತ್ತೆ ಮಾತು. ನಡುವೆ ಯಾವ ಐದು ನಿಮಿಷ ಬಿಟ್ಟರೂ ಯಾರದೋ ಮನೆ ಹುಡುಗ ತಿಂಗಳುಗಟ್ಟಲೆ ಮಾಡಿದ ತಾಲೀಮು ಬಿಟ್ಟುಹೋಗುತ್ತದೆ.

ಕುಕನೂರು ಕಡೆಯ ಒಂದು ಊರಿನ ಆಟದ ಮಾಸ್ತರು ಒಂದು ಬಟ್ಟೆ ಚೀಲ ಹಿಡಿದು ಬಂದರು. ಒಳಗೆ ಹಳೇ ವಿಡಿಯೋ ಕ್ಯಾಮೆರಾಗಳ ಸಣ್ಣ ಕ್ಯಾಸೆಟ್‌ಗಳು, ಮಿನಿ ಡಿವಿ ಅನ್ನುವಂಥವು. ಸುಮಾರು ಇಪ್ಪತ್ತು ವರ್ಷದ ಹಿಂದೆ ಅವರ ಅಪ್ಪ ಹಿಮ್ಮೇಳದಲ್ಲಿ ಹಾಡಿದ ಆಟಗಳು ಅದರಲ್ಲಿದ್ದವು.

"ತಮ್ಮಾ, ಇದರಾಗ ನಮ್ಮಪ್ಪನ ದನಿ ಐತಿ. ಮೊದಲ ಇವನ್ನ ಕಂಪ್ಯೂಟರಿಗೆ ಹಾಕು. ಆಮ್ಯಾಲೆ ಜಾತ್ರಿಗೆ ನಮ್ಮ ಹುಡುಗರ ಆಟ ಐತಿ, ಅದನ್ನೂ ಪೂರಾ ಹಿಡಿ. ಒಂದು ಚೂರೂ ಹೋಗಬಾರ್ದು ನೋಡು."

ಡ್ರೈವ್‌ಗಳ ದುಡ್ಡು ಮೇಳದವರೇ ಕೂಡಿಸಿ ಕೊಡುವುದು ಅಂತಾಯಿತು. ಹೊಲದ ಕೆಲಸ ಮಾಡುವವರ ದುಡ್ಡು ಅದು. ಏನು ಕೊಂಡೆ, ಯಾಕೆ ಕೊಂಡೆ ಅಂತ ಅವರೆದುರು ಕೂತು ಹೇಳುವಂತಿರಬೇಕು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಹಾಳೆ ತಗೊಂಡು ಲೆಕ್ಕಕ್ಕೆ ಕೂತೆ.

ಇಲ್ಲಿ ಒಂದು ವಿಷಯ ಗಮನದಲ್ಲಿರಬೇಕು. ಸೆಕೆಂಡಿಗೆ ಎಷ್ಟು ಡೇಟಾ ಅನ್ನುವುದನ್ನು ಕ್ಯಾಮೆರಾ ಮಾಡುವವರು ಮೆಗಾಬಿಟ್ ಲೆಕ್ಕದಲ್ಲಿ ಹೇಳುತ್ತಾರೆ, ಡ್ರೈವ್ ಮಾಡುವವರು ಮೆಗಾಬೈಟ್ ಲೆಕ್ಕದಲ್ಲಿ. ಮೆಗಾಬಿಟ್ ಅನ್ನು ಎಂಟರಿಂದ ಭಾಗಿಸಿದರೆ ಮೆಗಾಬೈಟ್, ಅಂದರೆ ಎಂಬಿ, ಸಿಗುತ್ತದೆ. ಮಿನಿ ಡಿವಿ ವಿಡಿಯೋ ಸೆಕೆಂಡಿಗೆ 25 ಮೆಗಾಬಿಟ್. ಆಡಿಯೋ ಎಲ್ಲ ಸೇರಿ ಸೆಕೆಂಡಿಗೆ ಸುಮಾರು 3.6 ಎಂಬಿ, ಗಂಟೆಗೆ 13 ಜಿಬಿ. ಇನ್ನು ಜಾತ್ರೆಯ ಆಟಕ್ಕೆ ಎರಡು ಕ್ಯಾಮೆರಾ. ಮುಖ್ಯ ಕ್ಯಾಮೆರಾದಿಂದ ಎಚ್‌ಡಿಎಂಐ ವೈರ್, ಅಲ್ಲಿಂದ ಚಿತ್ರವನ್ನು ಕಂಪ್ಯೂಟರಿಗೆ ತಲುಪಿಸುವ ಕ್ಯಾಪ್ಚರ್ ಕಾರ್ಡ್, ಅಲ್ಲಿಂದ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಸಾಫ್ಟ್‌ವೇರ್ ಓಬಿಎಸ್. ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 50 ಮೆಗಾಬಿಟ್ ಇಟ್ಟರೆ ಗಂಟೆಗೆ 22.5 ಜಿಬಿ, ಎಂಟು ಗಂಟೆಗೆ 180 ಜಿಬಿ. ಎರಡನೇ ಕ್ಯಾಮೆರಾ 4ಕೆ, 100 ಮೆಗಾಬಿಟ್, ಕಾರ್ಡಿನ ಮೇಲೆ. ಅದು ಗಂಟೆಗೆ 45 ಜಿಬಿ, ರಾತ್ರಿಗೆ 360. ಎರಡೂ ಸೇರಿ 540 ಜಿಬಿ.

ಒಂದು ಟಿಬಿ ಸಾಕಲ್ವಾ ಅನ್ನಿಸುತ್ತದೆ. ಆದರೆ ಒಂದು ಟಿಬಿ ಡ್ರೈವ್ ಅನ್ನು ವಿಂಡೋಸ್ 931 ಜಿಬಿ ಅಂತ ತೋರಿಸುತ್ತದೆ. ಡ್ರೈವ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ. ಅದರ ಮೇಲೆ ಎಡಿಟಿಂಗಿನ ತಾತ್ಕಾಲಿಕ ಫೈಲುಗಳಾದ ಕ್ಯಾಶ್, ಮೂಲ ವಿಡಿಯೋದ ಹಗುರ ಕಾಪಿಯಾದ ಪ್ರಾಕ್ಸಿ, ಕೊನೆಗೆ ತೆಗೆಯುವ ಫೈಲು, ಎಲ್ಲಕ್ಕೂ ಜಾಗ ಬೇಕು. ಡ್ರೈವ್ ಕುತ್ತಿಗೆವರೆಗೆ ತುಂಬಿದರೆ ಚಿಪ್ಪಿನಲ್ಲಿ ಬರೆಯುವ ಎಸ್‌ಎಸ್‌ಡಿ ಆಗಲಿ, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಆಗಲಿ, ಎರಡೂ ನಿಧಾನವಾಗುತ್ತವೆ. ಎರಡು ಟಿಬಿ ಅಂತ ಬರೆದುಕೊಂಡೆ.

ಹಾಳೆಯಲ್ಲಿ ಇನ್ನೊಂದು ವಿಷಯವೂ ಕಂಡಿತು. ಲೈವ್ ರೆಕಾರ್ಡಿಂಗಿಗೆ ಬೇಕಾದ ವೇಗ ಸೆಕೆಂಡಿಗೆ 7 ಎಂಬಿಗಿಂತ ಕಡಿಮೆ. ಸಾಧಾರಣ ಪೋರ್ಟಬಲ್ ಹಾರ್ಡ್ ಡಿಸ್ಕ್ ಕೂಡ 100 ಎಂಬಿ ದಾಟುತ್ತದೆ. ಅಂದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವೇಗ ನನ್ನ ಕೆಲಸಕ್ಕೆ ಮುಖ್ಯವಲ್ಲ. ಬೇಕಾದ್ದು ಎಂಟು ಗಂಟೆ ಎಲ್ಲೂ ತಡವರಿಸದೆ ಒಂದೇ ಸಮ ಬರೆಯುವ ಡ್ರೈವ್.

ಬಳ್ಳಾರಿಗೆ ಹೋದೆ. ನಮ್ಮಲ್ಲೂ ಅಂಗಡಿಗಳಿವೆ, ಆದರೆ ನಾಲ್ಕಾರು ನಮೂನೆ ಎದುರಿಗಿಟ್ಟು ನೋಡಬೇಕು ಅಂದರೆ ಬಳ್ಳಾರಿ ವಾಸಿ. ಅಂಗಡಿ ಹುಡುಗ ಮೊದಲು ತೆಗೆದದ್ದೇ 1050 ಎಂಬಿ ಅಂತ ಬರೆದ ಎಸ್‌ಎಸ್‌ಡಿ.

"ಅಣ್ಣಾರ, ಇದಕ್ಕಿಂತ ಸ್ಪೀಡ್ ಬ್ಯಾರೆ ಇಲ್ರೀ."

"ಸರಿಯಪ್ಪ, ಪೂರ್ತಿ ತುಂಬೋ ತನಕ ಇದೇ ಸ್ಪೀಡ್ ಇರತೈತೇನು?" ಅಂದೆ.

ಅವನು ಡಬ್ಬಿ ತಿರುಗಿಸಿ ನೋಡಿದ. ಅದರ ಮೇಲೆ ಅಂಥ ಮಾಹಿತಿ ಇರುವುದಿಲ್ಲ. ಇದೇ ನನ್ನ ದೊಡ್ಡ ತಕರಾರು. ಎಷ್ಟು ಹೊತ್ತು ಆ ವೇಗ ಉಳಿಯುತ್ತದೆ ಅನ್ನುವುದನ್ನು ಡಬ್ಬಿಯ ಮೇಲೆ ಯಾರೂ ಹೇಳುವುದಿಲ್ಲ. ಹೆಚ್ಚಿನ ಎಸ್‌ಎಸ್‌ಡಿಗಳು ಬಂದ ಡೇಟಾವನ್ನು ಮೊದಲು ಒಂದು ವೇಗದ ಭಾಗಕ್ಕೆ ಬರೆದುಕೊಳ್ಳುತ್ತವೆ. ಅದು ತುಂಬಿದ ಮೇಲೆ ಅಸಲಿ ವೇಗ ಹೊರಬೀಳುತ್ತದೆ. ಚಿಪ್ಪಿನ ಒಂದೊಂದು ಸೆಲ್ಲಿನಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಆದರೆ ಪರವಾಗಿಲ್ಲ. ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಆದರೆ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯುವುದೂ ಉಂಟು.

ಅವತ್ತು ಏನೂ ಕೊಳ್ಳಲಿಲ್ಲ. ಪರಿಚಯದ ಫೋಟೋಗ್ರಾಫರ್‌ಗಳ ಹತ್ತಿರ ಇದ್ದ ಡ್ರೈವ್‌ಗಳನ್ನು ಎರವಲು ತಂದು ಸ್ಟುಡಿಯೋದಲ್ಲೇ ನೋಡೋಣ ಅಂದುಕೊಂಡೆ. ವಿಧಾನ ಬಹಳ ಸರಳ. ಹಳೆಯ ಮದುವೆ ಫೂಟೇಜ್ 300 ಜಿಬಿ ಒಂದು ಫೋಲ್ಡರಿಗೆ ಹಾಕಿ, ಅದನ್ನು ಒಂದೇ ಸಲ ಡ್ರೈವಿಗೆ ಕಾಪಿ ಕೊಟ್ಟು, ವಿಂಡೋಸ್ ತೋರಿಸುವ ಹಸಿರು ಗ್ರಾಫ್ ನೋಡುತ್ತ ಕೂರುವುದು. ಕ್ರಿಸ್ಟಲ್ ಡಿಸ್ಕ್ ಮಾರ್ಕ್ ಥರದ ವೇಗ ಅಳೆಯುವ ಸಾಫ್ಟ್‌ವೇರ್ ಒಳ್ಳೆಯದೇ. ಆದರೆ ಅದು ಸಾಮಾನ್ಯವಾಗಿ ಒಂದು ಜಿಬಿ ಬರೆದು ನೋಡುತ್ತದೆ, ಅಷ್ಟು ಆ ವೇಗದ ಭಾಗದಲ್ಲೇ ಮುಗಿದುಹೋಗುತ್ತದೆ.

ಒಂದು ಕ್ಯೂಎಲ್‌ಸಿ ಎಸ್‌ಎಸ್‌ಡಿ 400 ಎಂಬಿ ಮೇಲೆ ಶುರುವಾಯಿತು. ಬಹಳ ಹೊತ್ತು ಗ್ರಾಫ್ ಗೆರೆ ಎಳೆದಂತೆ ನೆಟ್ಟಗಿತ್ತು. ಆಮೇಲೆ ಒಮ್ಮೆಲೇ ಕೆಳಗೆ ಬಿದ್ದು ನೂರರ ಆಸುಪಾಸಿಗೆ ಬಂದು ನಿಂತಿತು. ಮತ್ತೆ ಮೇಲೇಳಲಿಲ್ಲ. ಅಂಗೈ ಇಟ್ಟು ನೋಡಿದರೆ ಡ್ರೈವಿನ ಮೈ ಬಿಸಿ. ಆದರೂ ಅದು ನಿಲ್ಲಲಿಲ್ಲ, ನೂರರಲ್ಲೇ ಸಮನಾಗಿ ನಡೆಯಿತು. ರೆಕಾರ್ಡಿಂಗಿಗೆ ಇದೂ ಆದೀತು, ಬೆಳಗ್ಗೆ ಕಾರ್ಡ್ ಕಾಪಿ ಮಾಡುವಾಗ ಮಾತ್ರ ತಡ.

ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕಿನ ಗ್ರಾಫ್ ಬೇರೆಯೇ ಕಥೆ ಹೇಳಿತು. 120ರಲ್ಲಿ ಶುರು, ಆಮೇಲೆ ಏರಿಳಿತ, ಆಮೇಲೆ ಆಗಾಗ ಸೊನ್ನೆ. ಸೊನ್ನೆಗೆ ಬಂದಾಗ ಕಿವಿ ಹತ್ತಿರ ಹಿಡಿದರೆ ಒಳಗೆ ಓದಿ ಬರೆಯುವ ಹೆಡ್ ಕಟಕಟ ಓಡಾಡುವುದು ಕೇಳುತ್ತಿತ್ತು. ಕಂಪ್ಯೂಟರ್ ಕಳಿಸಿದ್ದನ್ನು ಅದು ಒಳಗೊಳಗೇ ಜೋಡಿಸಿಕೊಳ್ಳುತ್ತಿತ್ತು. ಈಗಿನ ದೊಡ್ಡ ಸೈಜಿನ ಪೋರ್ಟಬಲ್ ಡಿಸ್ಕುಗಳಲ್ಲಿ ಬಹುಪಾಲು ಎಸ್‌ಎಂಆರ್ ಪದ್ಧತಿಯವು. ಮನೆ ಮೇಲಿನ ಹೆಂಚಿನಂತೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದು ಟ್ರ್ಯಾಕ್ ಕೂತಿರುತ್ತದೆ. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಮೇಲಿನವನ್ನೆಲ್ಲ ತೆಗೆದು ಮತ್ತೆ ಕೂರಿಸಬೇಕು. ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಆದರೆ ಸತತವಾಗಿ ಬರೆಯುತ್ತ ಹೋದರೆ ನಡುನಡುವೆ ಹೀಗೆ ಕೆಲ ಸೆಕೆಂಡು ಉಸಿರು ಕಟ್ಟುತ್ತದೆ. ಸರಾಸರಿ ನೋಡಿದರೆ ನನಗೆ ಬೇಕಾದ 7 ಎಂಬಿಗಿಂತ ಎಷ್ಟೋ ಜಾಸ್ತಿ. ಆದರೆ ಕ್ಯಾಪ್ಚರ್ ನಡೆಯುವಾಗ ಸರಾಸರಿಯಿಂದ ಪ್ರಯೋಜನವಿಲ್ಲ. ಕ್ಯಾಮೆರಾದಿಂದ ಚಿತ್ರ ಬರುತ್ತಲೇ ಇರುತ್ತದೆ. ಡಿಸ್ಕ್ ನಿಂತಷ್ಟು ಹೊತ್ತಿನದು ಮೆಮೊರಿಯಲ್ಲಿ ಕಾಯಬೇಕು, ಅಲ್ಲೂ ಜಾಗ ತುಂಬಿದರೆ ಫ್ರೇಮ್ ಬಿಟ್ಟುಹೋಗುತ್ತದೆ.

ಹಾರ್ಡ್ ಡಿಸ್ಕನ್ನು ಲೈವ್ ರೆಕಾರ್ಡಿಂಗಿಗೆ ಬೇಡ ಅಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ದೊಡ್ಡಾಟ ನೋಡಿದವರಿಗೆ ಗೊತ್ತು, ವೀರ ಪಾತ್ರ ರಂಗಕ್ಕೆ ಬಂದರೆ ಆಟಕ್ಕೆ ಕಟ್ಟಿದ ಅಟ್ಟ ಅದುರುತ್ತದೆ. ಭುಜಕೀರ್ತಿ, ಕಿರೀಟ ಹೊತ್ತು ಹಲಗೆಯ ಮೇಲೆ ಹೆಜ್ಜೆ ಹಾಕುವ ರಭಸ ಅದು. ಎಚ್‌ಡಿಎಂಐ ವೈರ್ ಉದ್ದ ಎಳೆಯಲು ಬರುವುದಿಲ್ಲ ಅಂತ ನನ್ನ ಟೇಬಲ್ಲು ಕ್ಯಾಮೆರಾ ಪಕ್ಕದಲ್ಲಿ, ಅಟ್ಟಕ್ಕೆ ತಾಗಿದಂತೆಯೇ ಇರುತ್ತದೆ. ಹಾರ್ಡ್ ಡಿಸ್ಕಿನ ಹೆಡ್ಡು ತಿರುಗುವ ತಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ರಾತ್ರಿಯಿಡೀ ಅದುರುವ ಕಡೆ ಅದನ್ನಿಟ್ಟು ನೆಮ್ಮದಿಯಿಂದ ಇರಲು ನನ್ನಿಂದಾಗುವುದಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಜೊತೆಗೆ ನಮ್ಮ ಬಿಸಿಲು. ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನ ಕಾಗದದಲ್ಲಿ ಕೆಲಸ ಮಾಡುವಾಗ ಸುತ್ತಲಿನ ಶಾಖ 5ರಿಂದ 35 ಡಿಗ್ರಿ ಇರಬೇಕು ಅಂತಿತ್ತು. ಏಪ್ರಿಲ್, ಮೇನಲ್ಲಿ ಕೊಪ್ಪಳದ ಹೊರಗಿನ ಬಿಸಿಲೇ 40 ಮುಟ್ಟುತ್ತದೆ, ತಗಡಿನ ಶೀಟ್ ಹಾಕಿದ ನನ್ನ ಸ್ಟುಡಿಯೋ ಒಳಗೆ ಕೇಳಲೇಬೇಡಿ. ಪೋರ್ಟಬಲ್ ಎಸ್‌ಎಸ್‌ಡಿಗಳಿಗೆ 60 ಡಿಗ್ರಿವರೆಗೆ ಹೇಳಿರುವುದನ್ನು ನೋಡಿದ್ದೇನೆ. ಬಿಸಿ ಹೆಚ್ಚಾದರೆ ಅವು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ.

ಇದೇ ಹೊತ್ತಿಗೆ ನಮ್ಮಕ್ಕನ ಮಗ ಆನ್‌ಲೈನಿನಲ್ಲಿ 16 ಟಿಬಿ ಎಸ್‌ಎಸ್‌ಡಿ ಒಂದು ತೋರಿಸಿದ. ಬೆಲೆ ಒಂದು ಊಟದ ಬಿಲ್ಲಿನಷ್ಟು. "ಮಾಮಾ, ಇದನ್ನ ತಗೊಂಡರ ಮುಗೀತಲ್ಲ?" ಅಂದ. ಇಂಥವುಗಳಲ್ಲಿ ಸಾಮಾನ್ಯವಾಗಿ ಒಳಗಿರುವುದು ಒಂದು ಸಣ್ಣ ಮೆಮೊರಿ ಕಾರ್ಡು. ಕಂಪ್ಯೂಟರಿಗೆ 16 ಟಿಬಿ ಅಂತ ಸುಳ್ಳು ಹೇಳುತ್ತದೆ. ಅಸಲಿ ಜಾಗ ಮುಗಿದ ಮೇಲೂ ಕಾಪಿ ಆಗುತ್ತಿರುವಂತೆ ಕಾಣುತ್ತದೆ, ಫೈಲ್ ಹೆಸರೂ ಇರುತ್ತದೆ, ಒಳಗೆ ವಿಡಿಯೋ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ, ಎಷ್ಟು ಜಾಗ ನಿಜ ಅಂತ ಹೇಳುತ್ತದೆ. ಹೊಸ ಡ್ರೈವ್ ಯಾವುದೇ ಬರಲಿ, ಮೊದಲು ಅದನ್ನು ಓಡಿಸಿಯೇ ನಾನು ಕೆಲಸಕ್ಕೆ ಹಚ್ಚುವುದು.

ಕೊನೆಗೆ ಟಿಎಲ್‌ಸಿ ಅಂತ ಖಚಿತವಾದ, ಲೋಹದ ಮೈಯ ಎರಡು ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಒಂದು ಕೊಂಡೆ. ಅದು ರೆಕಾರ್ಡಿಂಗಿಗೂ ಎಡಿಟಿಂಗಿಗೂ. ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಲು ನಾಲ್ಕು ಟಿಬಿಯ ಹಾರ್ಡ್ ಡಿಸ್ಕ್ ಎರಡು. ಒಂದು ಮೂರೂವರೆ ಇಂಚಿನದು, 12 ವೋಲ್ಟಿನ ಅಡಾಪ್ಟರ್ ಹಾಕಿ ಸ್ಟುಡಿಯೋದಲ್ಲೇ ಇಡುವಂಥದು. ಇನ್ನೊಂದು ಸಣ್ಣ ಪೋರ್ಟಬಲ್. ಎಲ್ಲವನ್ನೂ ಎಸ್‌ಎಸ್‌ಡಿಯಲ್ಲೇ ಯಾಕೆ ಇಡಬಾರದು ಅಂತ ಮಾಸ್ತರೂ ಕೇಳಿದರು. ಒಂದು, ಅದೇ ದುಡ್ಡಿಗೆ ಹಾರ್ಡ್ ಡಿಸ್ಕಿನಲ್ಲಿ ಎಷ್ಟೋ ಜಾಸ್ತಿ ಜಾಗ ಬರುತ್ತದೆ. ಇನ್ನೊಂದು, ಎಸ್‌ಎಸ್‌ಡಿ ಡೇಟಾ ಹಿಡಿದಿಡುವುದು ಸೆಲ್ಲಿನೊಳಗಿನ ವಿದ್ಯುತ್ ಚಾರ್ಜಿನಲ್ಲಿ. ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದು ನಿಧಾನಕ್ಕೆ ಸೋರುತ್ತದೆ, ಶಾಖದಲ್ಲಿ ಇನ್ನೂ ಬೇಗ. ಎತ್ತಿಡುವುದಕ್ಕೆ ಹಾರ್ಡ್ ಡಿಸ್ಕೇ ಸರಿ, ಅಲ್ಲಿ ಎಸ್‌ಎಂಆರ್ ಆದರೂ ಅಡ್ಡಿಯಿಲ್ಲ. ಸುಮ್ನೆ ಒಂದು ಸಲ ಬರೆದು ಇಡುವುದಲ್ವಾ.

ಕೇಬಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಎಸ್‌ಎಸ್‌ಡಿ ಜೊತೆ ಬಂದ ಕೇಬಲ್ ಗಿಡ್ಡ. ಹಾಗಾಗಿ ಮೊಬೈಲ್ ಚಾರ್ಜರಿನ ಉದ್ದ ಟೈಪ್-ಸಿ ಕೇಬಲ್ ಹಾಕಿ ನೋಡಿದೆ. ತೂತು ಅದೇ, ಕೂತುಕೊಂಡದ್ದೂ ಸರಿಯಾಗಿಯೇ. ಗ್ರಾಫ್ ಮಾತ್ರ 40 ಎಂಬಿಗಿಂತ ಮೇಲೇಳಲಿಲ್ಲ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹಳಷ್ಟಕ್ಕೆ ಯುಎಸ್‌ಬಿ 2.0 ವೈರ್ ಮಾತ್ರ ಇರುತ್ತದೆ. 2.0 ಅಂದರೆ 480 ಮೆಗಾಬಿಟ್, ಕೈಗೆ ಸಿಗುವುದು 30ರಿಂದ 40 ಎಂಬಿ. ನನ್ನ ಲ್ಯಾಪ್‌ಟಾಪಿನ ಪೋರ್ಟ್ 5 ಗಿಗಾಬಿಟ್‌ನದು. ಇದನ್ನೇ ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಅಂತ ಮೂರು ಹೆಸರಿನಲ್ಲಿ ಮಾರಿದ್ದಾರೆ. ಮೂರೂ ಒಂದೇ, 400 ಎಂಬಿ ಚಿಲ್ಲರೆ ಸಿಗುತ್ತದೆ. 1050 ಎಂಬಿ ಬೇಕಾದರೆ ಪೋರ್ಟೂ 10 ಗಿಗಾಬಿಟ್‌ನದಾಗಿರಬೇಕು. ನನಗೆ ಅದರ ಅಗತ್ಯ ಬೀಳಲಿಲ್ಲ. ಕ್ಯಾಪ್ಚರ್ ಕಾರ್ಡಿಗೆ ಒಂದು ಪೋರ್ಟ್, ಡ್ರೈವಿಗೆ ಇನ್ನೊಂದು, ಒಂದು ಪೋರ್ಟನ್ನು ಹಲವಾಗಿಸುವ ಹಬ್ ನಡುವೆ ಇಲ್ಲ. ಕರೆಂಟ್ ಇಲ್ಲದ ಸಣ್ಣ ಹಬ್ಬಿಗೆ ಎರಡನ್ನೂ ಸಿಕ್ಕಿಸಿದರೆ ದಾರಿಯೂ ಹಂಚಿಹೋಗುತ್ತದೆ, ಕರೆಂಟೂ ಹಂಚಿಹೋಗುತ್ತದೆ. ಯುಎಸ್‌ಬಿ 3.0 ಪೋರ್ಟು ಕೊಡುವುದೇ 900 ಮಿಲಿಆಂಪಿಯರ್.

ಫಾರ್ಮ್ಯಾಟ್, ಅಂದರೆ ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ರೆಕಾರ್ಡಿಂಗ್ ಡ್ರೈವಿಗೆ ಎನ್‌ಟಿಎಫ್‌ಎಸ್. ಎಕ್ಸ್‌ಫ್ಯಾಟ್ ಆದರೆ ವಿಂಡೋಸಿಗೂ ಮ್ಯಾಕಿಗೂ ನಡೆಯುತ್ತದೆ ನಿಜ. ಆದರೆ ಅದರಲ್ಲಿ ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಇಲ್ಲ, ಬರೆಯುವಾಗ ಕೇಬಲ್ ಕಿತ್ತುಬಂದರೆ ಫೈಲ್ ಪಟ್ಟಿಯೇ ಕೆಡುವ ಭಯ ಜಾಸ್ತಿ. ಜಾತ್ರೆಯ ಜನಜಂಗುಳಿಯಲ್ಲಿ ಮಕ್ಕಳು ಟೇಬಲ್ ಕೆಳಗೆ ನುಸುಳುವ ಕಡೆ ಕೇಬಲ್ ಕೀಳುವುದು ದೊಡ್ಡ ವಿಷಯವೇ ಅಲ್ಲ. ಬಳ್ಳಾರಿಯ ಗೆಳೆಯ ಮ್ಯಾಕಿನಲ್ಲಿ ವಿಡಿಯೋದ ಬಣ್ಣ ಸರಿ ಮಾಡುತ್ತಾನೆ. ಮ್ಯಾಕ್ ಎನ್‌ಟಿಎಫ್‌ಎಸ್ ಓದುತ್ತದೆ, ಬರೆಯುವುದಿಲ್ಲ. ಅವನಿಗೆ ಕೊಡುವ ಕಾಪಿ ಮಾತ್ರ ಎಕ್ಸ್‌ಫ್ಯಾಟ್. ಹಳೇ ಫ್ಯಾಟ್32 ಅಂತೂ ಬೇಡವೇ ಬೇಡ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಮಿನಿ ಡಿವಿ ಲೆಕ್ಕದಲ್ಲಿ ಇಪ್ಪತ್ತು ನಿಮಿಷವೂ ಸಿಗುವುದಿಲ್ಲ.

ಮೊದಲು ಕ್ಯಾಸೆಟ್ ಕೆಲಸ. ಮಿನಿ ಡಿವಿ ಓದಲು ಫೈರ್‌ವೈರ್ ಅನ್ನುವ ಹಳೇ ನಮೂನೆಯ ಪೋರ್ಟ್ ಬೇಕು, ಈಗಿನ ಲ್ಯಾಪ್‌ಟಾಪುಗಳಲ್ಲಿ ಅದಿಲ್ಲ. ಸಾಮಾನು ಇಡುವ ಅಟ್ಟದ ಮೇಲಿದ್ದ ಹಳೇ ಡೆಸ್ಕ್‌ಟಾಪಿನಲ್ಲಿ ಫೈರ್‌ವೈರ್ ಕಾರ್ಡ್ ಇತ್ತು, ಯುಎಸ್‌ಬಿ ಮಾತ್ರ 2.0. ಸೆಕೆಂಡಿಗೆ 3.6 ಎಂಬಿಗೆ ಅದು ಧಾರಾಳ. ಇಲ್ಲಿ ಮೂರೂವರೆ ಇಂಚಿನ ಹಾರ್ಡ್ ಡಿಸ್ಕಿಗೇ ನೇರ ಬರೆಸಿದೆ. ಆಟದ ಅದುರುವ ಅಟ್ಟ ಇಲ್ಲ, ಅವಸರ ಇಲ್ಲ. ಬೆಳಗಿನ ಜಾವ ತಂಪು ಹೊತ್ತಿನಲ್ಲಿ ಮಾಡುತ್ತಿದ್ದೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಹಿಡಿಯುತ್ತದೆ, ಬೇಗ ಓಡಿಸಲು ಬರುವುದಿಲ್ಲ. ಗಮನಿಸಬೇಕಾದ್ದು ಡಿಸ್ಕ್ ಮಲಗುವುದನ್ನು. ಕ್ಯಾಸೆಟ್ ಹಿಂದಕ್ಕೆ ಸುತ್ತುವಷ್ಟರಲ್ಲಿ ಡಿಸ್ಕ್ ತಿರುಗುವುದು ನಿಲ್ಲಿಸಿದರೆ, ಮತ್ತೆ ಏಳಲು ಕೆಲ ಸೆಕೆಂಡು ಬೇಕು, ಆ ಹೊತ್ತಿನ ಫ್ರೇಮ್ ಹೋಯಿತು. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಡಿಸ್ಕ್ ಆಫ್ ಆಗುವುದನ್ನು ತೆಗೆದೆ. ಕ್ಯಾಪ್ಚರ್ ಒತ್ತುವ ಮೊದಲು ಒಂದು ಸಣ್ಣ ಫೈಲ್ ಬರೆದು ಅದನ್ನು ಎಬ್ಬಿಸುವುದನ್ನೂ ರೂಢಿ ಮಾಡಿಕೊಂಡೆ. ಕ್ಯಾಸೆಟ್ ಹಿಡಿಯುವ ಸಾಫ್ಟ್‌ವೇರ್ ವಿನ್‌ಡಿವಿಯ ಕಿಟಕಿಯಲ್ಲಿ ಬಿಟ್ಟುಹೋದ ಫ್ರೇಮಿನ ಜಾಗದಲ್ಲಿ ಸೊನ್ನೆ ಇದ್ದರೆ ಆ ಕ್ಯಾಸೆಟ್ ಪಾಸು.

ಮಾಸ್ತರು ಒಂದು ದಿನ ಬಂದು ಪಕ್ಕದಲ್ಲಿ ಕೂತರು. ಮುಖವೀಣೆ ಶುರುವಾಗಿ ಅಪ್ಪನ ದನಿ ಬಂದಾಗ ವಾಲ್ಯೂಮ್ ಜಾಸ್ತಿ ಮಾಡು ಅಂದರು, ಆಮೇಲೆ ಆ ಪದವನ್ನು ಜೊತೆಗೆ ತಾವೂ ಹಾಡಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ನಾವು ಈಗ ತಾಳ ಬ್ಯಾರೆ ಹಾಕ್ತೀವಿ, ಅಪ್ಪಾರು ಹಾಕಿದ್ದು ಹಿಂಗ," ಅಂದರು. ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಹುಡುಗರ ತಾಲೀಮಿಗೆ ಒಯ್ದರು.

ಜಾತ್ರೆಯ ರಾತ್ರಿ ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪಿನ ಹಿಂದೆ ಟೇಪಿನಿಂದ ಅಂಟಿಸಿದ್ದೆ, ಕೇಬಲ್ಲಿಗೆ ಜಗ್ಗಾಟ ಆಗದಿರಲಿ ಅಂತ. ಲೈನ್ ಜನರೇಟರಿನದು, ನಡುವೆ ಯುಪಿಎಸ್. ಓಬಿಎಸ್‌ನಲ್ಲಿ ಫೈಲ್ ಎಂಕೆವಿ. ಸಾದಾ ಎಂಪಿ4 ಫೈಲಿಗೆ ಕೊನೆಯಲ್ಲಿ ಬರೆಯುವ ಸೂಚಿ ಬೀಳದಿದ್ದರೆ ಅಷ್ಟೂ ಗಂಟೆಯದು ತೆರೆಯದೆ ಹೋಗುತ್ತದೆ. ಎಂಕೆವಿ ಆದರೆ ಎಲ್ಲಿ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ, ಆಮೇಲೆ ಓಬಿಎಸ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದು. ಗಂಟೆಗೊಂದು ಫೈಲ್ ಆಗುವಂತೆ ಸೆಟ್ ಮಾಡಿದ್ದೆ. ಜನರೇಟರ್ ನಡುರಾತ್ರಿ ಒಮ್ಮೆ ಕೆಮ್ಮಿ ನಿಂತಿತು. ಲೈಟು ಹೋಯಿತು, ಮೈಕು ಹೋಯಿತು, ಪಾತ್ರಧಾರಿ ಮಾತ್ರ ಮೈಕಿಲ್ಲದೆಯೇ ಮಾತು ಮುಂದುವರಿಸಿದ. ರೆಕಾರ್ಡಿಂಗ್ ಎಲ್ಲೂ ಕಡಿದಿಲ್ಲ, ಆ ಕತ್ತಲೆ, ಆ ದನಿ ಎಲ್ಲ ಇದೆ. ಎಡಿಟಿನಲ್ಲಿ ಅದನ್ನು ತೆಗೆಯಬೇಡ ಅಂತ ಮೇಳದವರೇ ಹೇಳಿದರು.

ಬೆಳಗ್ಗೆ ಮಲಗುವ ಮೊದಲು ಕಾಪಿ. ಕಾರ್ಡ್‌ಗಳೆಲ್ಲ ಎಸ್‌ಎಸ್‌ಡಿಗೆ, ಎಸ್‌ಎಸ್‌ಡಿಯಿಂದ ಎಲ್ಲ ಹಾರ್ಡ್ ಡಿಸ್ಕಿಗೆ. ಕಾಪಿ ಮಾಡುವ ಸಾಫ್ಟ್‌ವೇರ್ ಟೆರಾಕಾಪಿಯಲ್ಲಿ ವೆರಿಫೈ ಹಾಕಿದರೆ ಬರೆದದ್ದನ್ನು ಮತ್ತೆ ಓದಿ ಹೋಲಿಸಿ ನೋಡುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಅದು ಮುಗಿಯುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ.

ಎಡಿಟಿಂಗಿನಲ್ಲಿ ಎಸ್‌ಎಸ್‌ಡಿಯ ಗುಣ ನಿಜವಾಗಿ ಕಂಡಿತು. ಎರಡು ಕ್ಯಾಮೆರಾದ ಫೂಟೇಜ್ ಒಟ್ಟಿಗೆ ಓಡಿಸಿದರೂ ಸೆಕೆಂಡಿಗೆ 20 ಎಂಬಿ ಆಗುವುದಿಲ್ಲ. ಲೆಕ್ಕದ ಪ್ರಕಾರ ಹಾರ್ಡ್ ಡಿಸ್ಕೂ ಸಾಕು. ಆದರೆ ಕ್ಯಾಮೆರಾ ಬದಲಿಸಿದಾಗ, ಟೈಮ್‌ಲೈನಿನಲ್ಲಿ ಮುಂದೆ ಹಿಂದೆ ಎಳೆದಾಗ, ಡಿಸ್ಕಿನ ಹೆಡ್ ಒಂದು ಫೈಲಿನಿಂದ ಇನ್ನೊಂದಕ್ಕೆ ಹಾರಬೇಕು. ಒಂದೊಂದು ಹಾರಾಟಕ್ಕೂ ಹತ್ತು ಮಿಲಿಸೆಕೆಂಡಿನ ಆಸುಪಾಸು. ಅದರ ಜೊತೆಗೆ ಆಡಿಯೋ ಅಲೆಗಳ ಚಿತ್ರ, ಕ್ಯಾಶ್, ಸಾವಿರಾರು ಸಣ್ಣ ಫೈಲು. ಹಾರ್ಡ್ ಡಿಸ್ಕಿನಿಂದ ಓಡಿಸಿ ನೋಡಿದಾಗ ಸ್ಪೇಸ್ ಬಾರ್ ಒತ್ತಿ ಕಾಯಬೇಕಿತ್ತು. ಎಸ್‌ಎಸ್‌ಡಿಯಲ್ಲಿ ಒತ್ತಿದ ಕೂಡಲೇ ಮದ್ದಳೆ ಕೇಳುತ್ತದೆ. ಎಂಟು ಗಂಟೆಯ ಆಟದಲ್ಲಿ ತಾಳಕ್ಕೆ ಸರಿಯಾಗಿ ಕಟ್ ಹಾಕಬೇಕಾದವನಿಗೆ ಇದು ಬಹಳ ದೊಡ್ಡ ಅನುಕೂಲ. 4ಕೆ ಫೂಟೇಜಿಗೆ ಮಾತ್ರ ಪ್ರಾಕ್ಸಿ ಮಾಡಿಕೊಂಡೆ, ಅಲ್ಲಿ ತಡ ಮಾಡುತ್ತಿದ್ದುದು ಡ್ರೈವ್ ಅಲ್ಲ, ಲ್ಯಾಪ್‌ಟಾಪಿನ ಪ್ರೊಸೆಸರ್.

ಈಗ ಕ್ಯಾಸೆಟ್‌ಗಳದು, ಜಾತ್ರೆಯ ಆಟದ್ದು, ಎಡಿಟ್ ಆದದ್ದು, ಎಲ್ಲ ಎರಡೂ ಹಾರ್ಡ್ ಡಿಸ್ಕಿನಲ್ಲಿವೆ. ಒಂದು ಸ್ಟುಡಿಯೋದಲ್ಲಿ, ಪೋರ್ಟಬಲ್ ಗಂಗಾವತಿಯಲ್ಲಿ ಅಕ್ಕನ ಮನೆಯ ಬೀರುವಿನಲ್ಲಿ. ಕಳ್ಳತನವೋ ಬೆಂಕಿಯೋ ಆದರೆ ಒಂದೇ ಕಡೆ ಇರುವ ಎರಡು ಕಾಪಿಯಿಂದ ಉಪಯೋಗವಿಲ್ಲ. ಮಾಸ್ತರಿಗೆ ಟಿವಿಯಲ್ಲಿ ಹಾಕಿ ನೋಡುವಂತೆ ಪೆನ್‌ಡ್ರೈವ್ ಬೇರೆ ಕೊಟ್ಟಿದ್ದೇನೆ. ಪ್ರತಿ ಡಿಸ್ಕಿನಲ್ಲೂ ಒಂದು ಟೆಕ್ಸ್ಟ್ ಫೈಲ್ ಇದೆ. ಯಾವ ಊರು, ಯಾವ ಆಟ, ಯಾವ ಪಾತ್ರ ಯಾರು, ಹಿಮ್ಮೇಳದಲ್ಲಿ ಯಾರು ಅಂತ ಮಾಸ್ತರು ಹೇಳಿ ಬರೆಸಿದ್ದು. ಆರು ತಿಂಗಳಿಗೊಮ್ಮೆ ಎರಡನ್ನೂ ಸಿಕ್ಕಿಸಿ ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡುತ್ತೇನೆ, ಫೈಲ್‌ಗಳನ್ನು ಅಲ್ಲಲ್ಲಿ ತೆರೆದು ಓಡಿಸುತ್ತೇನೆ. ಅದರಲ್ಲಿ ಎಚ್ಚರಿಕೆಯ ಹಳದಿ ಬಣ್ಣ ಕಂಡ ದಿನವೇ ಹೊಸ ಡಿಸ್ಕ್ ಕೊಳ್ಳುವುದು ಅಂತ ಮೇಳದವರ ಜೊತೆ ಮಾತಾಗಿದೆ, ಅದಕ್ಕೆ ಅವರು ಪ್ರತಿ ಆಟದ ಕಾಣಿಕೆಯಲ್ಲಿ ಸ್ವಲ್ಪ ತೆಗೆದಿಡುತ್ತಿದ್ದಾರೆ.